ಪೊನ್ನಪ್ಪ ರೈಟರ ಬ್ಲ್ಯಾಕ್‌ಬೆರಿ

ಶ್ರೀಮಂಗಲದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದ ಪೊನ್ನಪ್ಪನಿಗೆ ಇಂಗ್ಲಿಷ್ ಪದಗಳನ್ನು ತುಂಡು ಮಾಡುವ ಹುಚ್ಚು. ಮಡಿಕೇರಿಯಲ್ಲಿ ನಾಲ್ಕು ವರ್ಷ ಓದಿ ಬಂದವನು. ನೆರಳಿನ ಮರದ ಸಸಿ ಹಂಚುವಾಗಲೂ ‘ಸಿಲ್, ವರ್, ಓಕ್’ ಎಂದು ಮೂರು ಬೆರಳು ಮಡಿಸುತ್ತಿದ್ದ. ಮೂರಕ್ಕೂ ಸಮ ತೂಕ, ಯಾವುದಕ್ಕೂ ಪಕ್ಷಪಾತವಿಲ್ಲ.

ಬಂಗಲೆಯ ಹಿಂದೆ, ಎಸ್ಟೇಟ್ ನಡೆಸುವ ಇಂಗ್ಲಿಷ್ ದೊರೆಯ ಹೆಂಡತಿ ದೊರೆಸಾನಿ ತನ್ನ ಸೀಮೆಯಿಂದ ತರಿಸಿದ ಮುಳ್ಳುಪೊದೆಗಳಿದ್ದವು, ಬ್ಲ್ಯಾಕ್‌ಬೆರಿ. ಆರು ವರ್ಷ ಉಪಚರಿಸಿದ ಮೇಲೆ, 1912ರಲ್ಲಿ, ಮೊದಲ ಸಲ ಹೂಬಿಟ್ಟಿದ್ದವು. ನೀರು ಹೊಯ್ಯುತ್ತಿದ್ದವಳು ಆಳುಗಳ ಸಾಲುಮನೆಯಾದ ಕೂಲಿ ಲೈನಿನ ಲಿಂಗಿ.

ಕಾಫಿ ಕೊಯ್ಲು ಮುಗಿದ ವಾರ ದೊರೆ ಕುದುರೆಯ ಮೇಲಿಂದಲೇ ಕೂಗಿದ: “ಪೊನ್ನಪ್ಪ! ಬ್ಲ್ಯಾಕ್ ಬೆರೀಸ್! ಎಲ್ಲ ತೆಗೆಸು. ಒಂದೂ ಇರಬಾರದು!”

ಪೊನ್ನಪ್ಪ ‘ಬ್ಲ್ಯಾಕ್, ಬೆ, ರಿ’ ಎಂದು ಬೆರಳು ಮಡಿಸಿ, ನಾಲ್ಕು ಆಳುಗಳಿಗೆ ಗುದ್ದಲಿ ಕೊಟ್ಟು ಬಂಗಲೆಯ ಹಿಂದಕ್ಕೆ ನಡೆದ. ಲಿಂಗಿ ಅಡ್ಡ ನಿಂತಳು.

“ದೊರೆ ಹೇಳಿದ್ದು ಈ ಗಿಡ ಅಲ್ಲ ಅಯ್ಯಾ. ಅಮ್ಮೋರು ಗಿಡದ ಹೆಸ್ರು ಹೇಳುವಾಗ ‘ಬ್ಲ್ಯಾಕ್’ ಮೇಲೆ ಒತ್ತಿ, ‘ಬೆರಿ’ನ ಸುಮ್ನೆ ಜಾರಿಸ್ತಾರೆ. ದೊರೆ ಈಗ ‘ಬೆ’ ಮೇಲೆ ಗುದ್ದಿದ್ರು. ಕೊಯ್ಲಲ್ಲಿ ತಪ್ಪಿ ಕೊಂಬೇಲೇ ಒಣಗಿ ಕಪ್ಪಾದ ಕಾಫಿ ಹಣ್ಣಿಗೆ ಹಂಗೆ ಅಂತಾರೆ.”

“ನೀನು ನಂಗೆ ಇಂಗ್ಲಿಷ್ ಕಲಿಸ್ತೀಯಾ?”

“ಇಂಗ್ಲಿಷ್ ಬರೋದಿಲ್ಲ. ಕಿವಿ ಉಂಟು.”

ಮಧ್ಯಾಹ್ನದೊಳಗೆ ಒಂದು ಪೊದೆಯೂ ಉಳಿಯಲಿಲ್ಲ. ದೊರೆಸಾನಿ ಎರಡು ದಿನ ಕೋಣೆಯಿಂದ ಹೊರಬರಲಿಲ್ಲ. ದೊರೆ ಬೈದ ಇಂಗ್ಲಿಷನ್ನು ತುಂಡು ಮಾಡಲು ಪೊನ್ನಪ್ಪನಿಗೆ ಎಲ್ಲಿಯೂ ಸಂದು ಸಿಗಲಿಲ್ಲ. ಕೆಲಸವೇನೋ ಉಳಿಯಿತು, ದೊರೆಯ ಕೈಬರಹ ಓದಬಲ್ಲವನು ಅವನೊಬ್ಬನೇ.

ಮೂರನೆಯ ದಿನ ಅವನು ತಲೆ ತಗ್ಗಿಸಿಕೊಂಡು ಲೈನಿಗೆ ಹೋದ. “ಇನ್ನೊಂದು ಸಲ ಹೇಳು, ಲಿಂಗಿ.”

ಅವಳು ಹೇಳಿದಳು. ಅವನು ತಪ್ಪಿದ. ನಗದೆ ಮತ್ತೆ ಹೇಳಿದಳು. ಒಂದು ವಾರ ಕಾಫಿ ಗಿಡಗಳ ನಡುವೆ ರೈಟರು ಒಬ್ಬರೇ ಗೊಣಗುತ್ತ ತಿರುಗುವುದನ್ನು ಆಳುಗಳೆಲ್ಲ ಕಂಡರು.

ವರ್ಷದ ಕೊನೆಗೆ ದೊರೆ ಲಂಡನ್ನಿನ ಮಾಲೀಕರಿಗೆ ವರದಿ ಬರೆದ. ರೈಟರ ಉಚ್ಚಾರಣೆ ಬೆರಗಾಗುವಷ್ಟು ಸುಧಾರಿಸಿದೆ, ಇದು ನನ್ನ ಹೆಂಡತಿಯ ತಾಳ್ಮೆಯ ಫಲ ಎಂದು ಅದರಲ್ಲಿತ್ತು. ಚೊಕ್ಕ ಪ್ರತಿ ಮಾಡುವ ಕೆಲಸ ಪೊನ್ನಪ್ಪನದೇ. ಲಿಂಗಿಯ ಹೆಸರು ಸೇರಿಸೋಣವೆಂದು ಒಂದು ಕ್ಷಣ ಅನ್ನಿಸಿತು. ಆದರೆ ದೊರೆಯ ಕಾಗದದಲ್ಲಿ ಒಂದಕ್ಷರ ಹೆಚ್ಚಿಸುವುದು ರೈಟರ ಕೆಲಸವಲ್ಲವಲ್ಲ. ದುಂಡಗೆ ಬರೆದು ಮಡಿಸಿಟ್ಟ.