ಚೀಲದೊಳಗಿನ ಅಂಗಿ

ಹಳೆಯ ಆಟದ ಮುಂದಿನ ಭಾಗ ಬಂದಿದೆ ಎಂದು ಗೊತ್ತಾದ ದಿನವೇ ದುಡ್ಡು ಕೊಟ್ಟು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ನ್ಯಾಮತಿಯ ಕಚೇರಿಯೊಂದರಲ್ಲಿ ದಿನವಿಡೀ ಅರ್ಜಿ ಟೈಪ್ ಮಾಡುವ, ನಲವತ್ತು ಸಮೀಪಿಸಿದ ಹೆಂಗಸು ಮನೆಗೆ ಬಂದು ರಾಕ್ಷಸರನ್ನು ಕಡಿಯುತ್ತಾಳೆ ಎಂದರೆ ನಗುವವರು ನಗಲಿ. ಕತ್ತಿ ಹಿಡಿದ ಒಬ್ಬ ವೀರ, ಅವನನ್ನು ನಡೆಸುವವರು ನಾವು. ಶತ್ರುಗಳನ್ನು ಹೊಡೆದುರುಳಿಸಿದರೆ ಕತ್ತಿ, ಗುರಾಣಿ, ಔಷಧದ ಸೀಸೆ ಉದುರುತ್ತವೆ. ಅವನ್ನು ಆರಿಸಿ ಚೀಲಕ್ಕೆ ಹಾಕಿಕೊಳ್ಳಬೇಕು. ಆಟ ಇಷ್ಟೇ.

ಹೊಸ ಭಾಗ ಹಳೆಯದಕ್ಕಿಂತ ಎಷ್ಟೋ ಮೇಲು. ಇದನ್ನು ಒಪ್ಪಿಕೊಳ್ಳಲು ನನಗೇನೂ ಸಂಕಟವಿಲ್ಲ. ಹಳೆಯ ವೀರ ಬಾಗಿಲಿಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ, ಊರಿನಿಂದ ಗುಹೆಗೆ ನಡೆಯುವಷ್ಟರಲ್ಲಿ ನನಗೆ ಆಕಳಿಕೆ ಬರುತ್ತಿತ್ತು. ಹೊಸ ವೀರ ಜಿಂಕೆ ಮರಿ. ಮಳೆ ಬಂದರೆ ಅವನ ಕೂದಲು ಒದ್ದೆಯಾಗುತ್ತದೆ. ಆದರೂ ಎರಡು ವಾರಕ್ಕೆ ನನಗೆ ಬೇಜಾರು ಬಂತು. ಏನು ಕಡಿಮೆಯಾಗಿದೆ ಎಂದು ಮೊದಲು ತಿಳಿಯಲಿಲ್ಲ. ತಿಳಿದಾಗ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿ ಚಿಕ್ಕಮ್ಮ ಇರಲಿಲ್ಲ.

ನನಗೆ ಹದಿನೈದು ವರ್ಷವಿದ್ದಾಗ ಅಮ್ಮನ ತಂಗಿ ಚನ್ನಗಿರಿಯ ನಮ್ಮ ಮನೆಯಲ್ಲೇ ಇದ್ದಳು. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಹೊರಗಿನ ಕೋಣೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಅಪ್ಪ ಹೊನ್ನಾಳಿಯ ಅಂಗಡಿಯೊಂದರಲ್ಲಿ ಜೋಡಿಸಿಕೊಂಡು ತಂದ ಕಂಪ್ಯೂಟರು ಅವಳ ಮಿಷನ್ನಿನ ಪಕ್ಕಕ್ಕೇ ಬಂದು ಕೂತಿತು, ಏಕೆಂದರೆ ಪ್ಲಗ್ ಇದ್ದದ್ದು ಆ ಗೋಡೆಗೆ ಮಾತ್ರ. ಆಟ ಅದರೊಳಗೆ ಮೊದಲೇ ಇತ್ತು. ಕಂಪ್ಯೂಟರು ಬಂದದ್ದು ನನ್ನ ಓದಿಗೆ ಎಂದು ಅಪ್ಪ ಕಡೆಯವರೆಗೂ ನಂಬಿದ್ದರು.

ಆ ಆಟದ ಚೀಲದಲ್ಲಿ ಚೌಕಾಬಾರದ ಹಾಗೆ ಮನೆಗಳಿದ್ದವು. ಸೀಸೆಗೆ ಒಂದು ಮನೆ, ಕತ್ತಿಗೆ ಮೂರು, ಕವಚಕ್ಕೆ ಆರು. ನಾನು ಸಿಕ್ಕಿದ್ದನ್ನು ಸಿಕ್ಕಲ್ಲಿ ತುರುಕಿ, ಜಾಗವಿಲ್ಲವೆಂದು ಗೋಳಾಡುತ್ತಿದ್ದೆ. ಒಂದು ದಿನ ಚಿಕ್ಕಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇತ್ತ ತಿರುಗಿ ನೋಡಿದಳು. ಸೂಜಿ ತೆಗೆದಿಟ್ಟು ಹೇಳಿದಳು:

“ಜಾಗ ಐತಲ್ಲೇ, ಚೂರು ಚೂರು ಮಾಡಿ ಕೆಡಿಸಿಯಾ. ಆ ಸೀಸೆನೆಲ್ಲಾ ಒಂದು ಅಂಚಿಗೆ ಸರಿಸು. ಗುರಾಣಿ ಮೂಲೆಗೆ ಹಾಕು. ಈಗ ನೋಡು.”

ಕವಚ ಸಲೀಸಾಗಿ ಕೂತಿತು. ಮುಕ್ಕಾಲು ಮೀಟರ್ ಬಟ್ಟೆಯಲ್ಲಿ ಬೆನ್ನು, ಎದೆ, ತೋಳು, ಪಟ್ಟಿ ಎಲ್ಲವನ್ನೂ ತೆಗೆಯುವವಳಿಗೆ ಅದೇನು ದೊಡ್ಡ ಕೆಲಸ! ಅಂದಿನಿಂದ ಕಡಿಯುವುದು ನಾನು, ಚೀಲ ಜೋಡಿಸುವುದು ಅವಳು. ಮೌಸ್ ಮುಟ್ಟುತ್ತಿರಲಿಲ್ಲ, ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು ಬೆರಳು ತೋರಿಸುತ್ತಿದ್ದಳು. ಅವಳ ಬೆರಳಿನ ಸೀಮೆಸುಣ್ಣ ಪರದೆಗೆಲ್ಲ ಹತ್ತುತ್ತಿತ್ತು.

ಒಂದು ಪಾಳುಮನೆಯಲ್ಲಿ ಮಗುವಿನ ಅಂಗಿಯೊಂದು ಸಿಕ್ಕಿತು. ತೊಡುವಂತಿಲ್ಲ, ಮಾರಿದರೆ ಬೆಲೆಯಿಲ್ಲ, ಎರಡು ಮನೆ ದಂಡ. ಬಿಸಾಕಲು ಹೊರಟೆ. “ಯಾರೋ ಕೂತು ಹೊಲಿದಿದ್ದು, ಇರ್ಲಿ ಬಿಡೇ,” ಎಂದಳು. ಹಾಗಾಗಿ ಆ ಅಂಗಿ ನಮ್ಮ ಜೊತೆ ಗುಹೆ, ಕಾಡು, ಸ್ಮಶಾನ ಎಲ್ಲಾ ಸುತ್ತಿತು.

ಚಿಕ್ಕಮ್ಮನಿಗೆ ಜಗಳೂರಿನ ಸಂಬಂಧ ಕುದುರಿತು. ಅವಳು ಅಮ್ಮನೊಂದಿಗೆ ಸೀರೆ ತೆಗೆಯಲು ಹೋಗಿದ್ದ ಮಧ್ಯಾಹ್ನ ನನಗೊಂದು ಭಾರೀ ಕೊಡಲಿ ಸಿಕ್ಕಿತು. ಚೀಲ ತುಂಬಿತ್ತು. ಅವಳು ಹೋಗುತ್ತಿದ್ದಾಳೆಂಬ ಸಿಟ್ಟೂ ನನಗಿತ್ತು. ಅಂಗಿ ಕೆಳಗೆ ಹಾಕಿ ಕೊಡಲಿ ಎತ್ತಿಕೊಂಡೆ. ಆ ಆಟದಲ್ಲಿ ನೆಲಕ್ಕೆ ಹಾಕಿದ ಸಾಮಾನು ಕಂಪ್ಯೂಟರು ಬಂದ್ ಮಾಡಿದರೆ ಹೋಯಿತು, ಮತ್ತೆ ಸಿಗುವುದಿಲ್ಲ.

ಸಂಜೆ ಬಂದು ಚೀಲ ನೋಡಿದಳು. “ಅಂಗಿ ಎಲ್ಲಿ?” ಎಂದಳು. ಕೊಡಲಿಗೆ ಜಾಗ ಬೇಕಿತ್ತು ಎಂದೆ. “ನನ್ನ ಕೇಳಿದ್ರೆ ಹಿಡಿಸಿ ಕೊಡ್ತಿದ್ದೆ,” ಎಂದಳು, ಅಷ್ಟೇ. ಮದುವೆ ಕೆಲಸ ಶುರುವಾದ ಮೇಲೆ ಅವಳು ಆ ಸ್ಟೂಲಿನ ಮೇಲೆ ಮತ್ತೆ ಕೂರಲಿಲ್ಲ. ಅವಳ ಆ ಮಾತು ಇಷ್ಟು ವರ್ಷ ನನ್ನೊಳಗೆ ಉಳಿದುಕೊಂಡಿತ್ತು. ಹಬ್ಬಕ್ಕೆ, ಮದುವೆಗೆ ಸಿಕ್ಕಾಗಲೆಲ್ಲ ತಪ್ಪಾಯಿತೆಂದು ಹೇಳಬೇಕೆನ್ನಿಸುತ್ತಿತ್ತು. ಅವಳ ಓರಗಿತ್ತಿಯರು, ಬೀಗರ ನಡುವೆ ಕೊಡಲಿಯ ಮಾತು ಎತ್ತುವುದು ಹೇಗೆ?

ಕಳೆದ ಭಾನುವಾರ ಹಳೆಯದು, ಹೊಸದು ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಚಿಕ್ಕಮ್ಮನ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ರಾಶಿ ಬಿದ್ದಿತ್ತು. ಹೊಸ ಆಟ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಾಯಿಬಿಟ್ಟು ನೋಡಿದಳು.

“ಎಷ್ಟು ಚೆಂದ ಐತೆ! ಆ ನಿಲುವಂಗಿ ಅಂಚು ನೋಡೇ, ಹೊಲಿಗೆ ಎಣಿಸಾಕೆ ಬರ್ತೈತೆ. ಚೀಲ ತೆಗಿ, ನೋಡಾಣ.”

ತೆಗೆದೆ. ಹೊಸದರಲ್ಲಿ ಕೊಡಲಿಗೂ ಒಂದೇ ಮನೆ, ಉಂಗುರಕ್ಕೂ ಒಂದೇ ಮನೆ. ಒಂದು ಗುಂಡಿ ಒತ್ತಿದರೆ ಎಲ್ಲವೂ ತಾವಾಗಿ ಸಾಲಾಗಿ ನಿಲ್ಲುತ್ತವೆ. ಒತ್ತಿ ತೋರಿಸಿದೆ.

“ಹಂಗಾದ್ರೆ ನನಗೇನು ಕೆಲ್ಸ ಇಲ್ಲಿ?” ಎಂದು ನಕ್ಕು ಮಿಷನ್ನಿಗೆ ಮರಳಿದಳು. ಅವಳಿಗೆ ಅದು ತಮಾಷೆ. ನನಗಲ್ಲ.

ಹಳೆಯದನ್ನು ತೆರೆದೆ. ಬಣ್ಣ ಮಾಸಲು, ಗೆರೆ ಒರಟು, ವೀರ ಮತ್ತದೇ ಬಾಗಿಲಿಗೆ ಸಿಕ್ಕಿಕೊಂಡ. ಅವಳು ಹೊಲಿಯುತ್ತಿದ್ದಳು, ನಾನು ಕಡಿಯುತ್ತಿದ್ದೆ. ಊಟದ ಹೊತ್ತು ಮೀರಿದ ಮೇಲೆ ಪಾಳುಮನೆ ಬಂತು, ಅಂಗಿ ಸಿಕ್ಕಿತು. ಆಮೇಲೆ ಅದೃಷ್ಟಕ್ಕೆ ಕೊಡಲಿಯೂ ಬಿತ್ತು. ಬೇಕೆಂದೇ ಚೀಲವನ್ನು ಅಡ್ಡಾದಿಡ್ಡಿ ತುಂಬಿಸಿಟ್ಟಿದ್ದೆ. “ಚಿಕ್ಕಮ್ಮ, ಜಾಗ ಸಾಲ್ತಿಲ್ಲ,” ಎಂದು ಕೂಗಿದೆ.

ಸ್ಟೂಲು ಎಳೆದುಕೊಂಡು ಕೂತಳು. ಬೆರಳು ನೇರವಾಗಿ ಅಂಗಿಯ ಮೇಲೆ ಹೋಯಿತು.

“ಇದ್ಯಾಕೆ ಇಟ್ಕಂಡಿಯಾ? ಕೆಲ್ಸಕ್ಕೆ ಬಾರದ್ದು. ಬಿಸಾಕು.”

ಅವಳಿಗೆ ನೆನಪೇ ಇರಲಿಲ್ಲ. ಅಂಗಿಯಾಗಲಿ, ಆ ಸಂಜೆಯಾಗಲಿ, ತಾನಾಡಿದ ಮಾತಾಗಲಿ. ಇಪ್ಪತ್ತೆರಡು ವರ್ಷ ಅದನ್ನು ಹೊತ್ತವಳು ನಾನೊಬ್ಬಳೇ. ಹಗುರಾಗಬೇಕಿತ್ತು, ಆಗಲಿಲ್ಲ. ನನ್ನ ಜೊತೆ ಗುಹೆ ಸುತ್ತಿದ ಆ ಹರೆಯದ ಚಿಕ್ಕಮ್ಮನ ಕ್ಷಮೆ ಕೇಳಲು ಬಂದಿದ್ದೆ, ಅವಳು ಅಲ್ಲಿರಲಿಲ್ಲ.

“ಬ್ಯಾಡ ಚಿಕ್ಕಮ್ಮ,” ಎಂದೆ. “ಯಾರೋ ಕೂತು ಹೊಲಿದಿದ್ದು. ಎರಡೂ ಬೇಕು.”

ಕನ್ನಡಕದ ಮೇಲಿನಿಂದ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಪರದೆಯತ್ತ ಬಗ್ಗಿ, ಸೀಮೆಸುಣ್ಣ ಹತ್ತಿದ ಬೆರಳು ಮುಂದೆ ಮಾಡಿದಳು.

“ಅಳಾಕೆ ಏನಾತೇ? ಕೇಳಿದ್ಯಲ್ಲ, ಹಿಡಿಸಿ ಕೊಡ್ತೀನಿ ಬಾ. ಮೊದ್ಲು ಆ ಸೀಸೆ ಸರಿಸು.”