ಇಳಿಜಾರಿನ ಕಾರು

ನನ್ನ ಸೋದರಮಾವನಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಬಸ್ ಚಾಲಕನಾಗಿ ನಿವೃತ್ತನಾದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಅಡುಗೆಮನೆಗೂ ಬೀದಿಬಾಗಿಲಿಗೂ ತಿರುಗುತ್ತಿದ್ದ. ಹಿಡಿದು ಕುರ್ಚಿಯಲ್ಲಿ ಕೂರಿಸಿದರೆ ಬಲಗಾಲು ತಾನಾಗಿ ಇಲ್ಲದ ಬ್ರೇಕು ಒತ್ತುತ್ತಿತ್ತು. "ಮನೆ ಎಲ್ಲಿಗೂ ಹೋಗ್ತಿಲ್ಲ ಕಣೋ, ಸುಮ್ನೆ ಕೂತ್ಕೋ" ಎಂದು ಅವನ ಅಕ್ಕ, ಅಂದರೆ ನನ್ನಮ್ಮ, ರೇಗುತ್ತಿದ್ದಳು.

ಅಂಥವನಿಗೆ ಹೊಸ ಕಾರು ಕಂಪನಿಯೊಂದು ಕೆಲಸ ಕೊಟ್ಟಿತು. ಹನಿ ಪೆಟ್ರೋಲೂ ಬೇಡದ ಕಾರಂತೆ. ಈಗ ಹಣ ಹಾಕಿದವರಿಗೆ ಮುಂದೆ ಲಾಭದಲ್ಲಿ ಪಾಲಂತೆ. ಪ್ರತಿ ಭಾನುವಾರ ಮಾವ ಗುಡ್ಡದ ರಸ್ತೆಯಿಂದ ಕಾರು ಇಳಿಸಿಕೊಂಡು ಬಂದು, ಚಪ್ಪಾಳೆ ತಟ್ಟುವ ಜನರ ಮುಂದೆ ಹಾದು, ನೇರ ಶೆಡ್ಡಿನೊಳಗೆ ನಿಲ್ಲಿಸಬೇಕು. ಕಾರಿನಲ್ಲಿ ಎಂಜಿನ್ನೇ ಇಲ್ಲವೆಂದು ಅವನಿಗೆ ಮೊದಲ ದಿನವೇ ಗೊತ್ತಾಯಿತು. "ಎಂಜಿನ್ ಹಡಗಲ್ಲಿ ಬರ್ತಾ ಇದೆ, ಅಲ್ಲೀವರೆಗೆ ಇಳಿಜಾರು ಸಾಕು" ಎಂದ ಮ್ಯಾನೇಜರ್. ಹಡಗು ಬರಲಿಲ್ಲ. ಮಾವನಿಗೆ ನಿದ್ದೆಯೂ ಬರಲಿಲ್ಲ. ಆದರೂ ಭಾನುವಾರ ಬಂತೆಂದರೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೊರಡುತ್ತಿದ್ದ. ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಒಂದು ಭಾನುವಾರ ಕಾರು ಇಳಿಸುತ್ತಿರುವಾಗ, ಹಣ ಕಟ್ಟುವ ಮೇಜಿನ ಮುಂದಿನ ಸಾಲಿನಲ್ಲಿ ಅವನಿಗೆ ಅಮ್ಮ ಕಂಡಳು. ಕಂಕುಳಲ್ಲಿ ಕೈಚೀಲ. ಅಪ್ಪ ಸತ್ತಾಗ ಬಂದ ಅಷ್ಟೂ ದುಡ್ಡು ಅದರಲ್ಲಿತ್ತು. "ಓಡಿಸ್ತಿರೋದು ನನ್ ತಮ್ಮಾನೇ" ಎಂದು ಹಿಂದೆ ಮುಂದೆ ನಿಂತವರಿಗೆಲ್ಲ ಹೇಳಿ ಮುಗಿಸಿದ್ದಳು. ಅವಳ ಮುಂದೆ ಇನ್ನಿಬ್ಬರೇ ಇದ್ದರು.

ಕಾರು ಸಮತಟ್ಟಿಗೆ ಬಂತು. ಮಾವ ಬ್ರೇಕು ಒತ್ತಿಯೇಬಿಟ್ಟ. ಜನರ ನಟ್ಟನಡುವೆ ಕಾರು ನಿಂತಿತು. ನಿಂತದ್ದು ಮತ್ತೆ ಹೊರಡಬೇಕಲ್ಲ! ಮ್ಯಾನೇಜರನ ಮುಖ ಬಿಳಿಚಿಕೊಂಡಿತು. ಮಾವ ಇಳಿದು, ಬೆವರು ಒರೆಸಿಕೊಳ್ಳುತ್ತ ಕೂಗಿದ: "ಅಕ್ಕಾ, ಬಾ ಇಲ್ಲಿ. ಬಾನೆಟ್ ಎತ್ತಿ ನೋಡು."

ಅಮ್ಮ ಎತ್ತಿದಳು. ಒಳಗೆ ಮರಳಿನ ಮೂಟೆಗಳಿದ್ದವು. ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು.

ಮೊದಲೇ ಹಣ ಕಟ್ಟಿದ್ದವರು ಮ್ಯಾನೇಜರನನ್ನು ಬಿಟ್ಟು ಮಾವನ ಮೇಲೆಯೇ ಹರಿಹಾಯ್ದರು. "ನೀನು ಓಡಿಸ್ತಿದ್ದೆ ಅಂತಾನೇ ನಂಬಿದ್ವಿ" ಎಂದು ಒಬ್ಬ ಮುದುಕ ಅವನ ಕಾಲರ್ ಹಿಡಿದ. ಆ ಮುದುಕ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಮ್ಮ ಅವನನ್ನು ಬಿಡಿಸಿಕೊಂಡು ಮನೆಗೆ ಕರೆತಂದಳು. ಬಾಗಿಲು ಹಾಕಿದ ಮೇಲೆ ಕೇಳಿದಳು: "ಮೊದಲ್ನೇ ದಿನಾನೇ ಯಾಕೋ ಹೇಳ್ಲಿಲ್ಲ?"

ಮಾವ ಕುರ್ಚಿಯಲ್ಲಿ ಕುಸಿದ. ಬಲಗಾಲು ಬ್ರೇಕು ಒತ್ತುತ್ತಲೇ ಇತ್ತು.

"ಚಪ್ಪಾಳೆ ತಟ್ತಿದ್ರು ಅಕ್ಕಾ" ಎಂದ. "ಅಷ್ಟು ವರ್ಷ ಬಸ್ಸು ಓಡಿಸ್ದೆ, ಒಬ್ರೂ ತಟ್ಟಿರ್ಲಿಲ್ಲ."