ಹಾಲು ಕರೆಯುವ ಹೊತ್ತಿಗೇ ಬರುವ ಎಲೆಕ್ಟ್ರಿಷಿಯನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾಲಹಳ್ಳಿಯ ಚಿಕ್ಕಬೋರಮ್ಮನ ಮನೆಯಲ್ಲಿ ಗಂಜಾಂನ ಎಲೆಕ್ಟ್ರಿಷಿಯನ್ ಅತಾವುಲ್ಲಾ ಗುಡುಗುತ್ತಿದ್ದಾರೆ: "ಗೀಸರ್ ಆಕಿ! ಮೋಟಾರ್ ಆಕಿ! ಮೇವು ಕತ್ತರ್ಸೋ ಮಿಷಿನ್ನು, ಮಿಕ್ಸಿ, ಎಲ್ಲಾ ಆಕಿ!" ಮನೆಯೆಲ್ಲ ಒಟ್ಟಿಗೇ ಕಿರುಚಿದ ಸದ್ದಿಗೆ ಕನ್ನಂಬಾಡಿ ಕಟ್ಟೆಯ ಮೀನುಗಳೂ ಎದ್ದು ಕೂತಿರಬೇಕು.

ಹೊಸ ಲೈನ್ ಎಳೆಯುವ ಮೊದಲು, ಮನೆಗೆ ಬರುವ ವೈರು ಅದನ್ನು ತಾಳುತ್ತದೆಯೇ ಎಂದು ನೋಡುವುದು ಅವರ ಕ್ರಮ. ಅದಕ್ಕೆ ಹಾಲು ಕರೆಯುವ ಹೊತ್ತೇ ಆಗಬೇಕು. "ಮಧ್ಯಾಹ್ನ ಬಂದ್ರೆ ಒಂದು ಫ್ಯಾನು ತಿರುಗ್ತಿರ್ತದೆ. ಅದ್ನ ನೋಡಿ ಏನೇಳಾನ? ಮನೆ ಎಷ್ಟು ಉಣ್ತದೆ ಅಂತ ಉಣ್ಣೋ ಒತ್ನಲ್ಲೇ ನೋಡ್ಬೇಕು."

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಅವರಿಂದ ಬೈಸಿಕೊಳ್ಳದ ಮೀಟರ್ ಬೋರ್ಡೇ ಇಲ್ಲ. ಬೈಸಿಕೊಂಡವರು ಮತ್ತೆ ಕರೆಯುವುದೂ ಇಲ್ಲ. ಏನೂ ನೋಡದೆ ಲೈನ್ ಎಳೆದುಕೊಟ್ಟು ಹೋಗುವವರಿಗೆ ಕೆಲಸಕ್ಕೆ ಬರವಿಲ್ಲ. "ಇವ್ರು 'ಆಗಕಿಲ್ಲ' ಅಂದ ಮನೆಗಳ್ನ ಸೇರ್ಸಿದ್ರೆ ಕೆ.ಆರ್. ಪೇಟೆಯಂಥ ಇನ್ನೊಂದು ಊರಾಯ್ತದೆ," ಎನ್ನುತ್ತಾರೆ ಹೆಂಡತಿ ದಿಲ್ಷಾದ್.

ಇಂದಿನ ಮನೆಯನ್ನೇ ನೋಡಿ. ಮುಂಬಾಗಿಲಿಗೆ ಸಿಂಹದ ಮುಖ, ಪಡಸಾಲೆಗೆ ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದಾದ ಟೈಲ್ಸು, ಇಡೀ ಪಾಂಡವಪುರಕ್ಕೆ ಬಳಿದರೂ ಮಿಗುವಷ್ಟು ಬಣ್ಣ! ಕಂಬದಿಂದ ಬರುವ ಸರ್ವೀಸ್ ವೈರು ಮಾತ್ರ ನಾಲ್ಕು ಬಲ್ಬುಗಳ ಕಾಲದ್ದು. ಕೊಟ್ಟಿಗೆಯ ಒಣಹುಲ್ಲಿನ ಮೇಲೆ ಜೋತುಬಿದ್ದು ಬಿಸಿಯಾಗುತ್ತಿದೆ. ನಿನ್ನೆ ತಂದ ಹಾಲು ಕರೆಯುವ ಮಿಷಿನ್ನಿಗೂ ಇದರಿಂದಲೇ ಕರೆಂಟು ಬೇಕಂತೆ!

ಅತಾವುಲ್ಲಾ ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ನೋಡುತ್ತಾರೆ. ಒಳಗೆ ಹಗ್ಗದಂತೆ ಹೊಸೆದ ತಾಮ್ರದ ತಂತಿ.

"ಯಾವನ್ಲಾ ಇದ್ನ ಆಕ್ದೋನು?"

"ನಾನೇ ಕಣಣ್ಣೋ. ದಿನಾ ಸುಟ್ಟೋಗ್ತಿತ್ತು. ಈಗ ನೋಡು, ಒಂದ್ಸಲಾನೂ ಓಗಿಲ್ಲ!" ಚಿಕ್ಕಬೋರಮ್ಮನ ಮಗ ನಿಂಗರಾಜು ಎದೆಯುಬ್ಬಿಸುತ್ತಾನೆ.

"ಅದು ಸುಟ್ಕಂಡು ನಿನ್ ಮನೆ ಉಳಿಸ್ತಿತ್ತು ಕಣ್ಲಾ! ಈಗ ಅದು ಉಳ್ಕಂಡು ಮನೆ ಸುಡ್ತದೆ."

ಚಿಕ್ಕಬೋರಮ್ಮ ಊದಿದ ಬೆರಳುಗಳನ್ನು ಅವರ ಮೂಗಿಗೇ ಹಿಡಿಯುತ್ತಾರೆ. "ನೋಡಿ ಸಾಬ್ರೇ, ಕರ್ದು ಕರ್ದು ಮಡಿಚಕ್ಕೇ ಆಗಕಿಲ್ಲ. ಒಂದು ಲೈನು ಎಳಿಯಕೆ ನಿಮ್ಗೇನು ದಾಡಿ?"

"ಎಳಿಯಕಿಲ್ಲ ಕಣವ್ವಾ. ಕರೆಂಟ್ ಆಫೀಸ್ನಲ್ಲಿ ಲೋಡು ಎಚ್ಚಿಸ್ಕಳಿ, ದಪ್ಪ ವೈರು ಬರ್ಲಿ. ಅವತ್ತೇ ಬತ್ತೀನಿ."

"ಅಲ್ಲಿಗಂಟ ಕರಿಯಕೆ ನಿಮ್ ತಾತ ಬತ್ತಾನಾ?"

ಅತಾವುಲ್ಲಾ ಸರಿಯಾದ ಫ್ಯೂಸ್ ತಂತಿ ಹಾಕುತ್ತಾರೆ, ಗೀಸರು, ಮೋಟಾರು ಒಟ್ಟಿಗೆ ಹಾಕಬೇಡ ಎಂದು ನಿಂಗರಾಜನಿಗೆ ಗದರುತ್ತಾರೆ. ಆಮೇಲೆ ಕೈ ತೊಳೆದು, ಬಕೆಟ್ ಹಿಡಿದು, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತೇಬಿಡುತ್ತಾರೆ. ಹಸುವಿನ ಬಾಲ ಕೆನ್ನೆಗೆ ಚಟೀರನೆ ಬಾರಿಸುತ್ತದೆ.

"ನಿಧಾನಕ್ಕೆಳೀರಿ ಸಾಬ್ರೇ, ಅದು ವೈರಲ್ಲ!" ಸಿಟ್ಟಿನಲ್ಲೂ ಚಿಕ್ಕಬೋರಮ್ಮನಿಗೆ ನಗು. "ಊರೆಲ್ಲ ಇಂಗೇ ಉಗಿಸ್ಕತೀರಲ್ಲ, ಬೇಜಾರಾಗಕಿಲ್ವಾ?"

ಬಕೆಟ್ಟಿನ ತಳಕ್ಕೆ ಮೊದಲ ಹಾಲಿನ ಧಾರೆ ಬೀಳುತ್ತದೆ.

"ಉಗೀರವ್ವಾ. ಉಗಿಯಕೆ ಮನೇಲಿ ಜನ ಉಳ್ಕಂಡಿರ್ತಾರಲ್ಲ, ನಂಗಷ್ಟು ಸಾಕು."